ಗಾಯರಾಣದಲ್ಲಿ ಹಾಸಿದ ಮಡಿ ಪಂಚೆ

"ಸಾಯಬೇಕಂತ ಬಂದು ನಿಂತೀರೇನ್ರಿ?"

ಸತ್ಯಭಾಮಾ ಅವನ ಬಾಯಿಂದ ಕೇಳಿದ ಮೊದಲ ಮಾತು ಅದು. ಪ್ರೇಮಕಥೆ ಶುರುವಾಗಲು ಇದಕ್ಕಿಂತ ಚಂದದ ಮಾತು ಸಿಗಬೇಕಿತ್ತು. ಆದರೆ ನಡೆದದ್ದು ಹೀಗೆ, ಏನು ಮಾಡುವುದು?

೧೯೪೮ರ ಡಿಸೆಂಬರ್. ಮಾನ್ವಿಯ ಹೊರಗಿನ ಗಾಯರಾಣದಲ್ಲಿ ದನಗಳು ಮೇಯುತ್ತಿದ್ದವು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮುಗಿಸಿ, ಅಡ್ಡದಾರಿ ಹಿಡಿದು ಮನೆಗೆ ಹೊರಟಿದ್ದಳು ಸತ್ಯಭಾಮಾ. ಎರಡು ಅಂತಸ್ತಿನ ರೆಕ್ಕೆಯ ಸಣ್ಣ ವಿಮಾನವೊಂದು ನೇರ ಅವಳ ಮುಖಕ್ಕೇ ಇಳಿದು ಬಂತು. ಓಡಬೇಕು ಅನ್ನಿಸಿತು, ಕಾಲು ಏಳಲಿಲ್ಲ. ವಿಮಾನ ಅವಳ ತಲೆಯ ಮೇಲಿಂದ ಹಾದು, ಒಂದು ಸುತ್ತು ಹಾಕಿ, ಮತ್ತೆ ಬಂದು ಇಳಿಯಿತು. ಅದರಿಂದ ಕೆಳಗೆ ಜಿಗಿದವನೇ ಈ ಮಾತು ಕೇಳಿದ.

"ಇದು ದನ ಮೇಯೋ ಜಾಗ," ಅಂದಳು ಅವಳು. ಸಿಟ್ಟು ಬಂದಿತ್ತು. "ನೀವು ಯಾರನ್ನ ಕೇಳಿ ಇಳಿದ್ರಿ?"

ಅವನು ಕಣ್ಣಿನ ಗಾಜುಪಟ್ಟಿ ತೆಗೆದು ಅವಳನ್ನೇ ನೋಡಿದ.

"ದನಗಳನ್ನ ಕೇಳೋಣಂದ್ರ ಅವು ಓಡಿ ಹೋದ್ವು. ನಿಂತವರು ನೀವೊಬ್ರೇ."

ಅವನ ಹೆಸರು ಪ್ರಹ್ಲಾದ. ರಾಯಚೂರಿನವನು. ಮಹಾಯುದ್ಧದಲ್ಲಿ ಬರ್ಮಾ ಗಡಿಯವರೆಗೂ ವಿಮಾನ ಹಾರಿಸಿ ಬದುಕಿ ಬಂದವನು. ನಿಜಾಮರ ಆಳ್ವಿಕೆ ಮುಗಿದು ಮೂರು ತಿಂಗಳಾಗಿತ್ತು. ಹೊಸ ಸರಕಾರದ ಕಾಗದಪತ್ರಗಳನ್ನು ದೇವದುರ್ಗಕ್ಕೂ ಮಾನ್ವಿಗೂ ಮುಟ್ಟಿಸುವ ಕೆಲಸ ಅವನ ಪಾಲಿಗೆ ಬಂದಿತ್ತು.

ಗಾಯರಾಣ ಬಹಳ ಉದ್ದವಿಲ್ಲ. ಮೂಡಣಕ್ಕೆ ಆಳವಾದ ಹಳ್ಳ, ಪಡುವಣಕ್ಕೆ ಕಲ್ಲುಗುಂಡುಗಳ ಸಾಲು. ನಡುವೆ ಹುಲ್ಲು. ವಿಮಾನ ಯಾವತ್ತೂ ಗಾಳಿಗೆ ಎದುರಾಗಿ ಇಳಿಯಬೇಕು, ಬೆನ್ನಿಗೆ ಗಾಳಿ ಬಿದ್ದರೆ ಅದರ ಓಟ ನಿಲ್ಲುವುದಿಲ್ಲ ಎಂದು ಪ್ರಹ್ಲಾದ ಅವಳಿಗೆ ಹೇಳಿಕೊಟ್ಟ. ಮೇಲಿದ್ದವನಿಗೆ ಗಾಳಿಯ ದಿಕ್ಕು ಕಾಣಬೇಕೆಂದರೆ ಬಿಳಿ ಬಟ್ಟೆಗಳನ್ನು ಇಂಗ್ಲಿಷಿನ 'ಟಿ' ಅಕ್ಷರದಂತೆ ಹಾಸಬೇಕು. ಗಾಳಿ ಬರುವ ಕಡೆಗೆ ಅದರ ತಲೆ.

ಹಾಸುವ ಕೆಲಸ ಅವಳೇ ಹಿಡಿದಳು. ಶಾಲೆಯ ಜಮಖಾನೆಗಳ ಮೇಲಿನ ಬಿಳಿ ಹೊದಿಕೆಗಳು ಅದಕ್ಕೆ ಸಾಕಾದವು. ಗಾಳಿ ನೋಡಿ ಹೇಳಲು ಗದ್ದೆಪ್ಪ ಇದ್ದ. ಸುತ್ತಲಿನ ಕಣಗಳಲ್ಲಿ ಜೋಳದ ರಾಶಿ ತೂರಿ ತಲೆ ನರೆತ ಕೂಲಿಯವನು. ಒಂದು ಹಿಡಿ ಮಣ್ಣು ತೂರಿದರೆ ಸಾಕು, ಗಾಳಿ ಎಲ್ಲಿಂದ ಬಂತು, ಎಷ್ಟು ಹೊತ್ತು ಇರುತ್ತದೆ, ಎರಡನ್ನೂ ಹೇಳುತ್ತಿದ್ದ.

"ಬಟ್ಟೆ ಹಾಸೋರು ನೀವಿರೋತನಾ ನಾ ಗಾಳಿ ನೋಡಂಗಿಲ್ರೀ," ಅಂದಿದ್ದ ಪ್ರಹ್ಲಾದ ಒಮ್ಮೆ. "ನೀವು ತೋರಿಸಿದ ಕಡೆ ಕಣ್ಣು ಮುಚ್ಚಿ ಇಳೀತೀನಿ."

ಆ ರಾತ್ರಿ ಸತ್ಯಭಾಮಾಗೆ ಊಟ ಸೇರಿರಲಿಲ್ಲ. ಹೌದು, ಅವಳು ಸೋತಿದ್ದಳು, ಸೋತದ್ದು ಅವಳಿಗೂ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಪ್ರಹ್ಲಾದ ಅವಳ ಮನೆಗೇ ಬಂದು ಹೆಣ್ಣು ಕೇಳಿದ. ತಂದೆ ವಾದಿರಾಜಾಚಾರ್ರು ಕುಲ ಕೇಳಿದರು, ಗೋತ್ರ ಕೇಳಿದರು. ಎಲ್ಲವೂ ಸರಿಯಿತ್ತು. ಸರಿಯಿಲ್ಲದ್ದು ಒಂದೇ.

"ಮುಗಿಲಾಗ ಇರೋನಿಗೆ ಮಗಳನ್ನ ಕೊಟ್ಟು, ನಾ ದಿನಾ ಮುಗಿಲು ನೋಡ್ಕೋತ ಕೂಡ್ಲೇನು?" ಅಂದುಬಿಟ್ಟರು.

ಪ್ರಹ್ಲಾದ ತಲೆ ತಗ್ಗಿಸಿ ಹೋದ. ಆಚಾರ್ರು ಅವನನ್ನು ಕಳಿಸಲು ಬಾಗಿಲ ಹೊರಗೆ ಹೋಗಿ ಏನೋ ಮಾತಾಡಿದ್ದು ಅವಳಿಗೆ ಕಂಡಿತು, ಕೇಳಿಸಲಿಲ್ಲ. ಅವತ್ತಿನಿಂದ ಮಾನ್ವಿಗೆ ವಿಮಾನ ಬರುವುದೇ ನಿಂತಿತು. ಟಪಾಲು ಕುದುರೆಯ ಮೇಲೆ ಬರತೊಡಗಿತು. ದೇವದುರ್ಗದಲ್ಲಿ ಮಾತ್ರ ಅವನು ಇಳಿಯುತ್ತಾನಂತೆ ಎಂದು ಯಾರೋ ಹೇಳಿದರು.

ಒಂದೇ ಮಾತಿಗೆ ಕೈಬಿಟ್ಟುಬಿಟ್ಟ... ಒಂದು ಚೀಟಿ ಕೂಡ ಕಳಿಸಲಿಲ್ಲ.

ಎರಡು ತಿಂಗಳು ಅವಳು ಊಟ ಬಿಟ್ಟು ಇದೇ ಮಾತನ್ನು ಅಗಿದಳು. ಹೊದಿಕೆಗಳನ್ನು ಶಾಲೆಗೆ ವಾಪಸು ಕೊಟ್ಟಳು. ಜೂನ್ ತಿಂಗಳಲ್ಲಿ ಅಪ್ಪ ಬೇರೆ ಸಂಬಂಧ ಮಾತಾಡಿ ಬರುತ್ತೇನೆಂದು ಬಂಡಿ ಕಟ್ಟಿಸಿ ರಾಯಚೂರಿಗೆ ಹೊರಟಾಗಲೂ ಅವಳು ಬೇಡ ಅನ್ನಲಿಲ್ಲ.

ನಾಲ್ಕನೆಯ ದಿನ ತಂತಿ ಬಂತು.

'ದಾರಿಯಲ್ಲಿ ಕಲ್ಮಲದಾಚೆ ಹಳ್ಳ ತುಂಬಿದೆ. ನಾಳೆ ಹತ್ತಕ್ಕೆ ಪ್ರಹ್ಲಾದನ ವಿಮಾನದಲ್ಲಿ ಬರುವೆ. ಬಟ್ಟೆ ಹಾಸಿರಿ.'

ತಾಯಿ ಜಯಾಬಾಯಿ ತಂತಿಯನ್ನು ಎರಡು ಸಲ ಓದಿಸಿದಳು.

"ಪಕ್ಕದಾಗ ಯಾರು ಕೂಡ್ತಾರೋ ಅಂತ ಬಸ್ಸು ಹತ್ತದ ಮನುಷ್ಯಾ, ವಿಮಾನ ಹತ್ತಿದ್ರಂತ?"

ಸತ್ಯಭಾಮಾ ತಂತಿಯನ್ನು ತಾನೇ ಮತ್ತೊಮ್ಮೆ ಓದಿಕೊಂಡಳು. ಅಪ್ಪ ಮತ್ತು ಅವನು, ಒಂದೇ ವಿಮಾನದಲ್ಲಿ... ಯಾಕೆ?

ಇನ್ನು ಹಾಸಲು ಬಟ್ಟೆ ಬೇಕಲ್ಲ? ಶಾಲೆಯ ಹೊದಿಕೆಗಳ ಮೇಲೆ ಊರ ಮಕ್ಕಳೆಲ್ಲ ಕೂತೆದ್ದಿದ್ದಾರೆ. ಅಂಥ ಮೈಲಿಗೆಯ ಮೇಲೆ ಆಚಾರ್ರು ಇಳಿಯುವುದೇ? ಜಯಾಬಾಯಿ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಗಂಡನ ಆರು ಮಡಿ ಪಂಚೆಗಳನ್ನು ಗಳದಿಂದ ಇಳಿಸಿಕೊಂಡು ಗಾಯರಾಣಕ್ಕೆ ನಡೆದಳು. ಗದ್ದೆಪ್ಪ ದೂರ ನಿಂತು ಗಾಳಿ ಹೇಳಿದ. ಗಾಳಿ ಪಡುವಣದ್ದು. ಸತ್ಯಭಾಮಾ ಸ್ನಾನ ಮಾಡಿದ್ದರೂ ಮಡಿ ಉಟ್ಟಿರಲಿಲ್ಲ, ಹಾಗಾಗಿ ಅವಳೂ ದೂರವೇ ನಿಂತಳು. ಜಯಾಬಾಯಿ ಒಬ್ಬಳೇ ನಾಲ್ಕು ಪಂಚೆ ಉದ್ದಕ್ಕೆ, ಎರಡು ಪಂಚೆ ಅಡ್ಡಕ್ಕೆ ಹಾಸಿ, ಪಡುವಣಕ್ಕೆ ತಲೆ ಮಾಡಿ, ಮೇಲೆ ಕಲ್ಲಿಟ್ಟಳು. ಕಲ್ಲನ್ನೂ ತೊಳೆದೇ ಇಟ್ಟಳು.

"ಯಾರೂ ಮುಟ್ಟಬ್ಯಾಡ್ರಿ ಮತ್ತ. ಅವರು ಇಳಿದು ಉಟ್ಕೊಳ್ಳೋ ಪಂಚಿ," ಎಂದು ಕಟ್ಟಪ್ಪಣೆ ಮಾಡಿ, ಮೊಣಕಾಲು ಹಿಡಿದುಕೊಂಡು ಬೇವಿನ ಮರದ ಕೆಳಗೆ ಹೋಗಿ ಕೂತಳು.

ಹತ್ತು ಗಂಟೆಗೆ ಸದ್ದು ಕೇಳಿಸಿತು. ಮೂಡಣದಲ್ಲಿ ಒಂದು ಚುಕ್ಕೆ.

ಅದೇ ಹೊತ್ತಿಗೆ ಪಡುವಣದ ಗಾಳಿ ನಿಂತಿತು.

ಹುಲ್ಲು ಅಲ್ಲಾಡಲಿಲ್ಲ. ಗದ್ದೆಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೂರಿದ. ಮಣ್ಣು ನೆಟ್ಟಗೆ ಕೆಳಗೆ ಬಿತ್ತು. ಮತ್ತೊಮ್ಮೆ ತೂರಿದ. ಈ ಸಲ ಅದು ಪಡುವಣಕ್ಕೆ ಹಾರಿತು. ಹಳ್ಳದಾಚೆ ಮುಗಿಲು ಕಪ್ಪಾಗಿತ್ತು.

"ಬಾಯಾರ, ಗಾಳಿ ತಿರುಗಿತು. ಮೂಡಗಾಳಿ ಹೊಡಿಯಾಕತ್ತದ. ಮಳಿ ಮುಂದಿನ ಗಾಳಿ ಇದು, ಜೋರು ಆಗ್ತದ."

ಸತ್ಯಭಾಮಾ ಪಂಚೆಗಳ ಕಡೆ ತಿರುಗಿದಳು. ಪಂಚೆಯ ತಲೆ ಪಡುವಣಕ್ಕಿದೆ. ಅದನ್ನು ನಂಬಿ ಅವನು ಹಳ್ಳದ ಕಡೆಯಿಂದ ಇಳಿಯುತ್ತಾನೆ. ಬೆನ್ನಿಗೆ ಈ ಗಾಳಿ, ಮುಂದೆ ಕಲ್ಲುಗುಂಡು. ಆ ವಿಮಾನಕ್ಕೆ ಬ್ರೇಕಿಲ್ಲ, ಕೆಳಗಿನವರು ಕೂಗಿದ್ದು ಕೇಳಿಸುವ ಯಂತ್ರವೂ ಇಲ್ಲ.

ಕಣ್ಣು ಮುಚ್ಚಿ ಇಳೀತೀನಿ ಅಂದಿದ್ದನಲ್ಲ... ದೇವರೇ.

"ಗದ್ದೆಪ್ಪ, ತಲಿ ಕಡಿ ಪಂಚಿ ತಗೊಂಡು ಈ ತುದಿಗೆ ಹಾಸಬೇಕು. ಬಾ, ಲಗೂನ ಬಾ."

ಗದ್ದೆಪ್ಪ ಎರಡು ಹೆಜ್ಜೆ ಬಂದು ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಆಚಾರ್ರ ಮಡಿ ಪಂಚಿ ಅದು, ಯವ್ವಾ. ನಾ ಹೆಂಗ ಮುಟ್ಟಲಿ? ದೊಡ್ಡ ಬಾಯಾರು ಬ್ಯಾಡಂದಾರ."

ವಿಮಾನ ಹಳ್ಳದ ಆಚೆ ತಗ್ಗಿಗೆ ಇಳಿಯುತ್ತಿತ್ತು. ಅದರ ಮುಂದಿನ ತೆರೆದ ಆಸನದಲ್ಲಿ ಕೂತ ಅಪ್ಪನ ತಲೆಯ ರುಮಾಲು ಸಣ್ಣಗೆ ಕಾಣಿಸಿತು.

ಅವಳು ಓಡಿದಳು. ಕಲ್ಲು ಒದ್ದು ಒಂದು ಪಂಚೆ ಎತ್ತಿದಳು. ಗಾಳಿ ಅದನ್ನು ಕಿತ್ತುಕೊಂಡು ಅವಳ ಮುಖಕ್ಕೇ ಸುತ್ತಿತು. ಬಿಡಿಸಿ ಒಂದು ತುದಿ ನೆಲಕ್ಕೆ ಒತ್ತಿದರೆ ಇನ್ನೊಂದು ತುದಿ ಹಾರುತ್ತಿತ್ತು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಅಳು ಬಂತು, ಅಳುವಷ್ಟು ಪುರಸೊತ್ತೂ ಇರಲಿಲ್ಲ.

"ಗದ್ದೆಪ್ಪ, ಹಿಡಿಯೋ."

ಕೂಗಿದ್ದು ಜಯಾಬಾಯಿ. ನೋಯುವ ಮೊಣಕಾಲಿನಲ್ಲೇ ಮರದ ಕೆಳಗಿನಿಂದ ಓಡಿ ಬರುತ್ತಿದ್ದಳು.

"ಬಾಯಾರ, ಮಡಿ..."

"ಸುಡ್ಲಿ ಮಡಿ. ನನ್ನ ಗಂಡ ಅದಾರ ಅದರಾಗ. ಮುಟ್ಟು."

ಗದ್ದೆಪ್ಪ ಮುಟ್ಟಿದ. ರಾಶಿ ತೂರಿದ ಕೈ, ಗಾಳಿಯೊಂದಿಗೆ ಹೇಗೆ ಗುದ್ದಾಡಬೇಕೆಂದು ಅದಕ್ಕೆ ಗೊತ್ತಿತ್ತು. ಪಂಚೆಯನ್ನು ಸುರುಳಿ ಸುತ್ತಿ ಓಡಿ, ಮೂಡಣದ ತುದಿಯಲ್ಲಿ ಬಿಚ್ಚಿ, ಮೇಲೆ ಮೊಣಕಾಲೂರಿ ಕೂತ. ಎರಡನೆಯದನ್ನು ತಾಯಿ ಮಗಳು ಎಳೆದು ತಂದರು. ಕಲ್ಲು ಹುಡುಕುವಷ್ಟು ಹೊತ್ತಿರಲಿಲ್ಲ. ಮೂವರೂ ಪಂಚೆಗಳ ಮೇಲೆ ಬಿದ್ದುಕೊಂಡರು.

ವಿಮಾನ ಹಳ್ಳ ದಾಟಿ ಬಂದಿತ್ತು. ಗಾಲಿಗಳು ಹುಲ್ಲಿಗೆ ತಾಗುವುದೊಂದೇ ಬಾಕಿ.

ನೋಡು... ಒಂದ್ಸಲ ಕೆಳಗ ನೋಡು, ಪ್ರಹ್ಲಾದ.

ಇಂಜಿನ್ ಒಮ್ಮೆಲೇ ಅಬ್ಬರಿಸಿತು. ವಿಮಾನ ಅವರ ತಲೆಯ ಮೇಲೆ ಹಾದು, ಮೂತಿ ಎತ್ತಿ, ಕಲ್ಲುಗುಂಡುಗಳನ್ನು ಒಂದಾಳೆತ್ತರದಲ್ಲಿ ದಾಟಿ ಮೇಲೇರಿತು. ಜಯಾಬಾಯಿ ಮುಖ ಮುಚ್ಚಿಕೊಂಡಳು. ಸತ್ಯಭಾಮಾ ಕಣ್ಣು ಮಿಟುಕಿಸಲಿಲ್ಲ. ವಿಮಾನ ತಿರುಗಿತು. ಈಗ ಪಡುವಣದಿಂದ, ಗಾಳಿಗೆ ಎದುರಾಗಿ ಬಂತು. ರೆಕ್ಕೆ ಆಚೆ ಈಚೆ ವಾಲಿತು. ಕಲ್ಲುಗಳ ಮೇಲೆ ನಿಂತೇಬಿಟ್ಟಿತೇನೋ ಅನ್ನುವಷ್ಟು ನಿಧಾನವಾಯಿತು. ಹುಲ್ಲಿಗೆ ಬಡಿದು ಒಮ್ಮೆ ಪುಟಿಯಿತು, ಮತ್ತೆ ಬಡಿಯಿತು. ಓಡಿತು. ಹಳ್ಳದ ದಂಡೆಗೆ ಇಪ್ಪತ್ತು ಹೆಜ್ಜೆ ಇದ್ದಂತೆ ನಿಂತಿತು.

ಮೊದಲು ಇಳಿದವರು ಆಚಾರ್ರು. ರುಮಾಲು ಎಲ್ಲೋ ಹಾರಿತ್ತು, ಜುಟ್ಟು ಬಿಚ್ಚಿತ್ತು. ನೇರ ಪಂಚೆಗಳ ಹತ್ತಿರ ಬಂದರು. ಎಲ್ಲವೂ ಮಣ್ಣು, ಹುಲ್ಲು, ಸಗಣಿ.

"ಮ್ಯಾಲಿಂದ ಎಲ್ಲಾ ಕಾಣಿಸ್ತದ," ಅಂದರು. "ಯಾರ‍್ಯಾರು ಮುಟ್ಟಿದ್ರಿ?"

ಗದ್ದೆಪ್ಪನ ಕೈ ಮತ್ತೆ ಬೆನ್ನ ಹಿಂದೆ ಹೋಯಿತು. ಆಚಾರ್ರು ಅವನ ಮುಂದೆ ಬಂದು ನಿಂತರು.

"ಅದನ್ನ ಇಲ್ಲಿ ಕೊಡು, ಗದ್ದೆಪ್ಪ."

ಅವನು ಪಂಚೆ ಎತ್ತಿ ಕೊಟ್ಟ. ಆಚಾರ್ರು ಅವನ ಕೈಯಿಂದಲೇ ಇಸಿದುಕೊಂಡು ಮುಖದ ಬೆವರು, ಕಣ್ಣು ಎರಡನ್ನೂ ಒರೆಸಿಕೊಂಡರು. ಆಮೇಲೆ ಅದನ್ನೇ ಹೆಗಲಿಗೆ ಹಾಕಿಕೊಂಡರು.

"ಸತ್ಯಾ, ಆ ಸಂಬಂಧ ಮಾತಾಡಲಿಲ್ಲ ನಾನು. ನೀ ಊಟಾ ಬಿಟ್ಟು ಕೂತದ್ದು ಕಣ್ಣಾಗ ಅದ, ಹೆಂಗ ಮಾತಾಡ್ಲಿ? ಇವನ ಕಡಿ ಹೋಗಿ ಕೇಳಿದೆ, ಮಗಳನ್ನ ಕೊಡೋಕಿಂತ ಮೊದಲು ನಾನಽ ಒಂದ್ಸಲ ಕೂತು ನೋಡ್ತೀನಿ ಅಂತ." ಉಸಿರು ಎಳೆದುಕೊಂಡರು. "ನೋಡಿದೆ. ಕೈ ಗಟ್ಟಿ ಅದ ಅವಂದು. ಜಯಾ, ನಡಿ ಮನಿಗೆ."

ಅವರು ಹೋದರು. ಪ್ರಹ್ಲಾದ ರೆಕ್ಕೆಗೆ ಕೈಯೂರಿ ನಿಂತಿದ್ದ.

"ಎರಡು ತಿಂಗಳು," ಅಂದಳು ಅವಳು.

"ನಾನಾಗಿ ಕರೆಯೋತನಾ ಮಾನ್ವಿಗೆ ಕಾಲಿಡಬ್ಯಾಡ ಅಂದಿದ್ರು ನಿಮ್ಮ ಅಪ್ಪಾರು. ಹೂಂ ಅಂದು ಮಾತು ಕೊಟ್ಟಿದ್ದೆ."

"ಅವರು ಅಂದ್ರು, ನೀವು ಕೇಳಿದ್ರಿ. ನನ್ನನ್ನ ಯಾರು ಕೇಳಿದ್ರಿ?"

ಅವನು ತಪ್ಪು ತನ್ನದೆಂದು ಗೊತ್ತಾದವನಂತೆ ತಲೆ ಬಗ್ಗಿಸಿದ.

"ಈಗ ಕೇಳ್ತೀನಿ, ಸತ್ಯಭಾಮಾ. ನೀವಿಲ್ಲದ ಊರಾಗ ಇಳಿದು ಇಳಿದು ಸಾಕಾಗ್ಯಾದ ನನಗ. ನನ್ನ ಜೋಡಿ ಬರ್ತೀರೇನು?"

ಅವಳ ಕಣ್ಣು ತುಂಬಿದವು. ಸಿಟ್ಟು ಇನ್ನೂ ಅಲ್ಲೇ ಇತ್ತು, ಆದರೆ ಅದಕ್ಕೆ ನಿಲ್ಲಲು ಜಾಗವಿರಲಿಲ್ಲ.

"ಬರ್ತೀನಿ. ಆದ್ರ ಅಪ್ಪ ಕೂತ ಜಾಗದಾಗ ನಾ ಕೂಡಾಕಿ. ನೀವು ಮ್ಯಾಲ, ನಾ ಕೆಳಗ ಜೀವಾ ಕೈಯಾಗ ಹಿಡ್ಕೊಂಡು ನಿಲ್ಲೋದು, ಅದು ಇವತ್ತಿಗೆ ಮುಗೀತು."

"ಮತ್ತ ಇಲ್ಲಿ ಬಟ್ಟೆ ಯಾರು ಹಾಸ್ತಾರ?"

ಅವಳು ದೂರಕ್ಕೆ ನೋಡಿದಳು. ಉಳಿದ ಪಂಚೆಗಳನ್ನು ಒಂದೊಂದಾಗಿ ಎತ್ತಿ, ಕೊಡವಿ, ಗದ್ದೆಪ್ಪ ಮಡಿಚಿಡುತ್ತಿದ್ದ.

"ಗದ್ದೆಪ್ಪ ಹಾಸ್ತಾನ," ಅಂದಳು. "ಅಪ್ಪನ ಪಂಚಿನೇ ಹಾಸ್ತಾನ."