ಅನ್ನಕ್ಕೆ ಹೆಸರಿಡದ ಮೇಷ್ಟ್ರು

ಅವರೆಕಾಯಿ ಕೊಳ್ಳುವವರು ಮೊದಲು ಮೂಸಿ ನೋಡುತ್ತಾರೆ, ಬೆಲೆ ಕೇಳುವುದು ಆಮೇಲೆ. ಕುವೆಂಪುನಗರದ ಆ ತಿರುವಿನಲ್ಲಿ ತಳ್ಳುಗಾಡಿ ನಿಂತ ಕೂಡಲೇ ಸ್ವೆಟರು ಹಾಕಿದ ಹೆಂಗಸರು, ಮಫ್ಲರು ಸುತ್ತಿದ ಗಂಡಸರು ಹಿಡಿ ಹಿಡಿ ಕಾಯಿ ಎತ್ತಿ ಮೂಗಿಗೆ ಹಿಡಿಯತೊಡಗಿದರು. ಗಗನಳೂ ಹಿಡಿದಳು. ಕಣ್ಣು ಮುಚ್ಚಿ, ಉಸಿರೆಳೆದು, ಎಲ್ಲರ ಹಾಗೆ "ಆಹಾ" ಎಂದಳು.

"ರೀ, ಅದರಲ್ಲಿ ಸೊಗಡೇ ಇಲ್ಲ ಕಣ್ರೀ," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದರೆ ಬೀರೇಶ್. ಅವಳ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಲೆಕ್ಕದ ಮೇಷ್ಟ್ರು. ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳುತ್ತಿದ್ದ. ಕನ್ನಡಕದ ಹಿಂದಿನ ಕಣ್ಣುಗಳು ನಗುತ್ತಿದ್ದವು. ನಗು ಬಂದಾಗ ಮೊದಲು ಎಡಗಣ್ಣು ಕಿರಿದಾಗುವುದನ್ನು ಗಗನ ಯಾವತ್ತೋ ಗಮನಿಸಿಬಿಟ್ಟಿದ್ದಳು.

"ನಂಗೆ ಬೇಕಾಗಿರೋದೇ ಇಂಥದ್ದು, ಮೇಷ್ಟ್ರೇ," ಎಂದಳು ಬಿಗಿಯಾಗಿ.

"ಸೊಗಡಿಲ್ಲದ ಅವರೆಕಾಯಿನಾ? ನಮ್ಮೂರಲ್ಲಿ ಅದನ್ನ ದನಾನೂ ಮೂಸಲ್ಲ." ಗಾಡಿಯ ಇನ್ನೊಂದು ಮೂಲೆಯಿಂದ ಆರಿಸಿ ಅವಳ ಚೀಲಕ್ಕೆ ತಾನೇ ತುಂಬಿದ. "ನಿಮ್ಮ ಕೈರುಚಿಗೆ ಇದು ಸರಿ. ಆ ಕೈಗೆ ನಾನಂತೂ ಸೋತುಬುಟ್ಟಿದೀನಿ."

ಅವಳ ಕೆನ್ನೆ ಬಿಸಿಯಾಯಿತು. ಎದೆಯೊಳಗೆ ಮಾತ್ರ ಏನೋ ತಣ್ಣಗೆ ಇಳಿಯಿತು. ಸೋತಿದ್ದರೆ ಕೈಗಲ್ಲವೇ, ತನಗಲ್ಲವಲ್ಲ.

ಎರಡು ವರ್ಷದ ಹಿಂದೆ ಅವಳಿಗೊಂದು ಜ್ವರ ಬಂದಿತ್ತು. ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ತಿಳಿಯುತ್ತಿದ್ದವು. ಒಗ್ಗರಣೆಯ ಘಮ, ಏಲಕ್ಕಿ, ಓವನ್ನಿನಲ್ಲಿ ಉಬ್ಬುವ ಬ್ರೆಡ್ಡು ಮಾತ್ರ ಪಕ್ಕದ ಬೀದಿಯ ಮದುವೆಯ ಹಾಗೆ: ನಡೆಯುತ್ತಿದೆ ಎಂದು ಗೊತ್ತು, ಕರೆಯಿಲ್ಲ. ಅವಳು ಮನೆಯಲ್ಲೇ ಕೇಕು, ಬನ್ನು ಮಾಡಿ ಆರ್ಡರಿಗೆ ಕೊಡುವವಳು. ಮಿಕ್ಕದ್ದು ಮಹಡಿಗೆ ಹೋಗುತ್ತಿತ್ತು, ಅಲ್ಲಿಂದ ಮೇಷ್ಟ್ರ ಹೊಗಳಿಕೆ ಇಳಿದು ಬರುತ್ತಿತ್ತು. ಬೇಕರಿಯವಳಿಗೆ ಮೂಗಿಲ್ಲ ಎಂದರೆ ಯಾರು ಬರುತ್ತಾರೆ? ತಾಯಿ ಭಾಗ್ಯಮ್ಮ ಒಬ್ಬರಿಗೇ ವಿಷಯ ಗೊತ್ತಿತ್ತು. ಬೆಣ್ಣೆ ಹಳಸಿದೆಯೋ, ತಳ ಹಿಡಿಯಿತೋ ಎಂದು ಮೂಸಿ ಹೇಳುವುದು ಅವರ ಕೆಲಸ. ತಿನ್ನುವುದೆಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ ಈಗ ನೆನಪಿನಲ್ಲೇ ಅಡುಗೆ ಮಾಡಿ, ನೆನಪಿನಲ್ಲೇ ಉಣ್ಣುತ್ತಿದ್ದಳು.

ಅದೇ ವಾರ ಭಾಗ್ಯಮ್ಮ ಒಂಟಿಕೊಪ್ಪಲಿಗೆ, ಬಾಣಂತಿಯಾಗಿದ್ದ ದೊಡ್ಡ ಮಗಳ ಮನೆಗೆ ಹೋದರು. ಭಾನುವಾರ ಗಗನ ಧೈರ್ಯ ಮಾಡಿ ಬೀರೇಶನನ್ನು ಊಟಕ್ಕೆ ಕರೆದಳು.

"ಬರೀ ಊಟಕ್ಕಲ್ಲ, ಕೆಲಸಕ್ಕೆ. ಕಾಳು ಹಿದುಕಬೇಕು."

ಅಂಗಳದ ಎಳೆಬಿಸಿಲಿನಲ್ಲಿ ಇಬ್ಬರೂ ಎದುರುಬದುರು ಕುಳಿತರು. ರಾತ್ರಿಯಿಡೀ ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಬೀರೇಶ ಒತ್ತಿದ್ದು ಜೋರಾಗಿ, ಬೇಳೆ ಹಾರಿ ಅವಳ ಹಣೆಗೆ ಬಡಿಯಿತು.

"ಲೆಕ್ಕದ ಮೇಷ್ಟ್ರೇ, ಗುರಿ ತಪ್ತು."

"ಯಾರು ಹೇಳಿದ್ದು ತಪ್ತು ಅಂತ?"

ಅವಳು ತಲೆ ಎತ್ತಲಿಲ್ಲ. ಅವನು ನೋಡುತ್ತಿದ್ದಾನೆಂದು ಗೊತ್ತಾಗಲು ತಲೆ ಎತ್ತಬೇಕಾಗಿಯೂ ಇರಲಿಲ್ಲ.

ಬಿಸಿ ರಾಗಿಮುದ್ದೆ, ಹಿದುಕಿದ ಬೇಳೆ ಸಾರು, ಮೇಲೆ ಧಾರಾಳವಾಗಿ ತುಪ್ಪ. ಮೊದಲ ತುತ್ತು ನುಂಗಿದ ಬೀರೇಶ ನೀರಿನ ಲೋಟ ಎತ್ತಿಕೊಂಡ. ಆಮೇಲೆ ತಟ್ಟೆ ಬಳಿದು ಉಂಡು, ಮತ್ತೆ ಸಾರು ಹಾಕಿಸಿಕೊಂಡ. "ಚೆನ್ನಾಗಿದೆಯಾ?" ಎಂದಳು. "ಅಮೃತ ಕಣ್ರೀ," ಎಂದ. ಆ ಮಾತಿನಲ್ಲಿ ಅವಳು ಸಂಜೆಯವರೆಗೂ ತೇಲಾಡಿದಳು.

ಮಾರನೆಯ ಬೆಳಿಗ್ಗೆ ಭಾಗ್ಯಮ್ಮ ಬಂದವರೇ ಅಡುಗೆಮನೆಯಲ್ಲಿ ಮೂಗು ಮುಚ್ಚಿಕೊಂಡರು.

"ಏನೇ ಇದು, ಈ ತುಪ್ಪ ಯಾಕೆ ಹೊರಗಿಟ್ಟಿದೀಯ? ಕಮಟು ಹತ್ತಿ ನಾರ್ತಾ ಇದೆ! ಚೆಲ್ಲೋಣ ಅಂತ ಮೂಲೇಲಿ ಇಟ್ಟಿದ್ದೆ ಕಣೇ."

ನಿನ್ನೆ ಬೀರೇಶನ ಮುದ್ದೆಗೆ ಗಗನ ಸುರಿದದ್ದು ಅದೇ ತುಪ್ಪ. ಮೊದಲು ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಕಮಟು ತುಪ್ಪವನ್ನು ಅಮೃತ ಎಂದವನು, ಇಷ್ಟು ತಿಂಗಳು ಹೊಗಳಿದ ಕೇಕುಗಳಲ್ಲಿ ನಿಜವಾಗಿ ಚೆನ್ನಾಗಿದ್ದವು ಎಷ್ಟು? ಅವನ ಮಾತನ್ನು ನಂಬಿ ಅವಳು ಹೊಸ ಹೊಸ ಆರ್ಡರು ಹಿಡಿದಿದ್ದಳು. ಡಬ್ಬಿ ಎತ್ತಿಕೊಂಡು ಮಹಡಿ ಹತ್ತಿದಳು.

ಬೀರೇಶ ಬಿಸಿಲು ಕಾಯುತ್ತಾ ಕಾಫಿ ಕುಡಿಯುತ್ತಿದ್ದ. ಅವಳು ಡಬ್ಬಿಯನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಏನಿದು?"

"ತುಪ್ಪ."

"ಎಂಥ ತುಪ್ಪ?"

ಬೀರೇಶ ಲೋಟ ಕೆಳಗಿಟ್ಟ. "ಗೊತ್ತಾಗಿಬುಡ್ತಾ?"

"ನಿಮಗೆ ಮೊದಲ ತುತ್ತಿಗೇ ಗೊತ್ತಾಗಿತ್ತು. ಯಾಕೆ ಹೇಳ್ಲಿಲ್ಲ?"

"ನಮ್ಮನೇಲಿ ಅನ್ನಕ್ಕೆ ಹೆಸರಿಡಬಾರದು ಅಂತ ಕಣ್ರೀ. ಚಿಕ್ಕೋನಿದ್ದಾಗ ಒಂದ್ಸಲ ಸಾರು ಚೆನ್ನಾಗಿಲ್ಲ ಅಂದಿದ್ದಕ್ಕೆ ಅಜ್ಜಿ ತಟ್ಟೆ ಮುಂದೆ ಕೈ ಮುಗಿಸಿ ತಪ್ಪಾಯ್ತು ಅನ್ಸಿದ್ರು. ಆವತ್ತಿಂದ ತಟ್ಟೇಲಿ ಏನೇ ಬೀಳ್ಲಿ, ಬಾಯಿ ತೆಗೆದಿಲ್ಲ."

"ಅಂದ್ರೆ ನನ್ನ ಕೈರುಚಿ ಅಂದಿದ್ದೆಲ್ಲ ಸುಳ್ಳು."

"ಎಲ್ಲಾ ಸುಳ್ಳಲ್ಲ."

"ಯಾವುದು ನಿಜ ಅಂತ ನಾನು ಹೇಗೆ ತಿಳ್ಕೊಳ್ಳಲಿ?" ಅವಳು ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. "ನಂಗೆ ವಾಸನೆ ಗೊತ್ತಾಗಲ್ಲ, ಬೀರೇಶ್. ಎರಡು ವರ್ಷ ಆಯ್ತು. ತುಪ್ಪ, ಅವರೆಕಾಯಿ, ಏನೂ ಗೊತ್ತಾಗಲ್ಲ. ಗಾಡಿ ಹತ್ರ ಆಹಾ ಅಂದಿದ್ದು ನಾಟಕ. ನೀವು ಸೋತಿರೋ ಕೈರುಚಿ ನನ್ನ ಹತ್ರ ಇಲ್ಲವೇ ಇಲ್ಲ."

ಹೇಳಿಬಿಟ್ಟು ಮೆಟ್ಟಿಲ ಮೇಲೆ ಕುಳಿತಳು. ಇನ್ನು ಇವನು ಬಾಡಿಗೆದಾರ, ತಾನು ಮನೆ ಮಾಲೀಕರ ಮಗಳು, ಅಷ್ಟೇ ಎಂದುಕೊಂಡಳು.

ಬೀರೇಶ ಡಬ್ಬಿಯನ್ನು ಬದಿಗೆ ಸರಿಸಿದ. ಆಮೇಲೆ ಬಂದು ಎರಡು ಮೆಟ್ಟಿಲು ಕೆಳಗೆ ಕುಳಿತ.

"ಒಂದು ಮಾತು ಕೇಳ್ತೀನಿ. ಕಮಟು ತುಪ್ಪದ ಸಾರನ್ನ ಕೇಳಿ ಹಾಕಿಸ್ಕೊಂಡು ಉಂಡೋನು ರುಚಿಗೋಸ್ಕರ ಬಂದಿರ್ತಾನೇನ್ರೀ?"

ಅವಳು ತಲೆ ಎತ್ತಿದಳು.

"ಇನ್ನೊಂದು ಸೌಟು ಅಂದ್ರೆ ನೀವು ಇನ್ನೊಂದ್ಸಲ ಬಗ್ಗಿ ಬಡಿಸ್ತೀರಲ್ಲ, ಅದಕ್ಕೆ ಕೇಳಿದ್ದು. ನಿಮ್ಮನ್ನ ಇಷ್ಟಪಡ್ತೀನಿ ಅನ್ನಕ್ಕೆ ಧೈರ್ಯ ಸಾಲದೆ ಕೈರುಚಿ ಅಂತ ಹೇಳ್ಕೊಂಡು ಓಡಾಡ್ತಿದ್ದೆ."

ಗಗನಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕಣ್ಣೊರೆಸಿಕೊಂಡು, "ಸೊಗಡು ಹೆಂಗಿರತ್ತೆ ಹೇಳಿ. ಮರೆತು ಹೋಗ್ತಾ ಇದೆ," ಎಂದಳು.

ಅವನು ಯೋಚಿಸಿದ. "ಬೆಳಗಿನ ಜಾವ ಹೊಲಕ್ಕೆ ಹೋದ್ರೆ ಅವರೆ ಗಿಡದ ಮೇಲೆಲ್ಲ ಇಬ್ಬನಿ ಇರತ್ತೆ. ಕಾಯಿ ಕಿತ್ತರೆ ಕೈಯೆಲ್ಲ ಅಂಟು, ಎಣ್ಣೆ ಹಚ್ಚಿದಂಗೆ. ಅದನ್ನ ಮೂಸಿದ್ರೆ ಹಸಿ ಹಸಿರು, ಒಂಚೂರು ಮಣ್ಣು, ಒಂಚೂರು ಒಗರು. ಸೋಪು ಹಾಕಿದ್ರೂ ಹೋಗಲ್ಲ. ಸ್ಕೂಲಲ್ಲಿ ಸ್ಲೇಟೆಲ್ಲ ಅದೇ ವಾಸನೆ ಹೊಡೀತಿತ್ತು."

ಅವಳು ಕಣ್ಣು ಮುಚ್ಚಿ ಕೇಳಿದಳು. ವಾಸನೆಯೇನೂ ಬರಲಿಲ್ಲ. ಆದರೆ ಹೊಲ, ಇಬ್ಬನಿ, ಅಂಟುಕೈಯ ಹುಡುಗ, ಎಲ್ಲ ಕಂಡಂತಾಯಿತು. ಸದ್ಯಕ್ಕೆ ಅಷ್ಟು ಸಾಕೆನಿಸಿತು.

"ಬೀರೇಶ್, ನಂಗೆ ಹೊಗಳೋರು ಬೇಡ. ಚೆನ್ನಾಗಿಲ್ಲ ಅನ್ನೋರು ಬೇಕು. ನಿಮ್ಮ ಕೈಲಿ ಆಗತ್ತಾ?"

ಅವನು ಕೈಗಡಿಯಾರ ನೋಡಿಕೊಂಡ. ಟ್ಯುಟೋರಿಯಲ್‌ಗೆ ಹೊತ್ತಾಯಿತೆಂದು ಎದ್ದು ಹೋದ. ಅವಳ ದಿನವೆಲ್ಲ ಬಾರದ ಆ ಉತ್ತರದ ಯೋಚನೆಯಲ್ಲೇ ಕಳೆಯಿತು. ಪ್ರೀತಿಸುತ್ತಾನೆ, ಸರಿ. ಜೀವಮಾನವೆಲ್ಲ ನಗುತ್ತಾ ಕಮಟು ತುಪ್ಪ ಉಣ್ಣುವವನ ಜೊತೆ ಬಾಳುವುದು ಹೇಗೆ?

ಸಂಜೆ ಅವರೆಕಾಳು, ಸಬ್ಬಸಿಗೆ ಸೊಪ್ಪು ಹಾಕಿದ ಖಾರದ ಬನ್ನುಗಳು ಓವನ್ನಿನಿಂದ ಇಳಿಯುವ ಹೊತ್ತಿಗೆ ಬೀರೇಶ ಬಾಗಿಲಲ್ಲಿ ನಿಂತಿದ್ದ. ಮಗಳು ತಟ್ಟೆ ಕೊಟ್ಟದ್ದನ್ನು ಕಂಡ ಭಾಗ್ಯಮ್ಮ ಏನೂ ಕೇಳದೆ ದೇವರ ದೀಪ ಹಚ್ಚಲು ಒಳಗೆ ಹೋದರು.

ಅವನು ಒಂದು ಬನ್ನು ಮುರಿದ. ಮೂಸಿದ. ನಿಧಾನವಾಗಿ ಅಗಿದ. ಹಣೆಯಲ್ಲಿ ಸಣ್ಣಗೆ ಬೆವರು ಕಂಡಿತು. ತಟ್ಟೆಗೆ ಎರಡೂ ಕೈ ಮುಗಿದು, ಕಣ್ಣು ಮುಚ್ಚಿ, "ಅಜ್ಜಿ, ತಪ್ಪಾಯ್ತು," ಎಂದ. ಆಮೇಲೆ ಅವಳ ಮುಖ ನೋಡಿ ಒಂದೇ ಉಸಿರಿಗೆ ಹೇಳಿದ:

"ಸಬ್ಬಸಿಗೆ ಜಾಸ್ತಿಯಾಯ್ತು. ಕಾಳಿನ ಸೊಗಡು ಮುಚ್ಚೋಗಿದೆ. ತಳ ಸೀದಿದೆ. ಇದನ್ನ ಆರ್ಡರಿಗೆ ಕೊಡಬೇಡಿ."

ಗಗನ ಗೋಡೆಗೆ ಒರಗಿ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. ಎರಡು ವರ್ಷದಲ್ಲಿ ಇಷ್ಟು ಸವಿಯಾದ ಮಾತನ್ನು ಅವಳಿಗೆ ಯಾರೂ ಆಡಿರಲಿಲ್ಲ.

"ದಿನಾ ಹೇಳಬೇಕಾಗತ್ತೆ," ಎಂದಳು.

"ದಿನಾ ಅಂದ್ರೆ?"

"ನಾವು ಮುದುಕರಾಗೋ ತನಕ."

ಬೀರೇಶನ ಎಡಗಣ್ಣು ಮೊದಲು ಕಿರಿದಾಯಿತು. "ಹೇಳ್ತೀನಿ," ಎಂದು, ಸೀದ ಬನ್ನಿನ ಉಳಿದರ್ಧವನ್ನು ಬಾಯಿಗಿಟ್ಟುಕೊಂಡ.

"ಚೆನ್ನಾಗಿಲ್ಲ ಅಂತ ಹೇಳಿದ್ರಲ್ಲ, ಮತ್ಯಾಕೆ ತಿಂತೀರಿ?"

"ಹೇಳೋದು ಬೇರೆ, ಬಿಡೋದು ಬೇರೆ ಕಣೇ," ಎಂದ. ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.