ಅರವತ್ತೊಂದನೆಯ ಕಾರ್ಡ್

"ಜೌಗಜ್ಜಿಯನ್ನ ಮುಟ್ಟಿದ್ರೆ ಕೈ ಮುರೀತೀನಿ, ವಾಂಡಕ್ಕಾ!"

ನನ್ನ ಕಾಲರ್ ಟ್ರಾಮ್ ಡ್ರೈವರ್ ಝೆನೋನ್‌ನ ಮುಷ್ಟಿಯಲ್ಲಿತ್ತು. ಬೆನ್ನು ಟಾಯ್ಲೆಟ್ಟಿನ ಗೋಡೆಗೆ ಒತ್ತಿತ್ತು. ಮೇಲೆ ವೂಚ್ ನಗರದ ಕ್ರೀಡಾಭವನ ಗಿಜಿಗುಡುತ್ತಿತ್ತು.

ಹತ್ತಕ್ಕೆ ಮೂರೇ ನಿಮಿಷ ಬಾಕಿ!

ನನ್ನ ಕಸುಬು ನಿಮಗೆ ಗೊತ್ತಲ್ಲ? ಕಾರ್ಡ್ ಪಂದ್ಯಕ್ಕೆ ಬರುವವರ ಕಟ್ಟನ್ನು ಸೋಸಿಕೊಡುವುದು. ಇಸ್ಪೀಟಲ್ಲ, ಪ್ರತಿ ಆಟಗಾರನೂ ತಾನೇ ಆಯ್ದು ತರುವ ಮಾಯಾ ಕಾರ್ಡುಗಳ ಆಟ. ಕಟ್ಟಿನಲ್ಲಿ ಅರವತ್ತೇ ಕಾರ್ಡ್ ಇರಬೇಕು. ಅವುಗಳ ಪಟ್ಟಿ ಬೆಳಗ್ಗೆ ಹತ್ತರೊಳಗೆ ರೆಫರಿಯ ಮೇಜು ಮುಟ್ಟಬೇಕು. ತಡವಾದರೆ ಮನೆಗೆ! ಆದರೂ ಎಲ್ಲರೂ ಅರವತ್ತೊಂದು ತರುತ್ತಾರೆ. ಆ ಒಂದನ್ನು ಕಿತ್ತೆಸೆಯುವ ಎದೆ ಯಾರಿಗೂ ಇರುವುದಿಲ್ಲ. ಆಗ ನನ್ನನ್ನು ಕರೆಯುತ್ತಾರೆ.

ಕತ್ತರಿ ವಾಂಡಾ.

ಝೆನೋನ್‌ನ ಅರವತ್ತೊಂದನೆಯದು ಜೌಗಜ್ಜಿ, ಜೌಗಿನಲ್ಲಿ ಕೂತ ಮಾಟಗಾತಿ ಮುದುಕಿಯ ಕಾರ್ಡ್. ಈ ಪಂದ್ಯ ಅವನಿಗೆ ಕೊನೆಯ ಅವಕಾಶ. ಇವತ್ತು ಮೊದಲ ಎಂಟು ಜನರಲ್ಲಿ ಬರದಿದ್ದರೆ ಆಟವನ್ನೇ ಬಿಡುತ್ತೇನೆಂದು ಹೆಂಡತಿ ಬೊಗ್ನಾಗೆ ಮಾತು ಕೊಟ್ಟಿದ್ದ.

"ಒಂದು ಬೆಂಕಿ ಕಾರ್ಡ್ ತೆಗೀರಿ ಅಕ್ಕಾ. ಇಪ್ಪತ್ನಾಲ್ಕು ಇದಾವೆ!"

ಎಲ್ಲ ದಡ್ಡರೂ ಹೇಳುವುದು ಇದನ್ನೇ. ಬೇರೆ ಕಾರ್ಡುಗಳನ್ನು ಮೇಜಿಗಿಳಿಸಲು ಬೇಕಾದದ್ದೇ ಬೆಂಕಿ. ಒಲೆಯ ಸೌದೆ ಹೊರಗೆಳೆದು ಮೇಲೆ ಪಾತ್ರೆ ಇಟ್ಟರೆ ಅಡುಗೆ ಆದೀತೇ?

"ನಿನ್ನ ಜೌಗಜ್ಜಿಯನ್ನ ಇಳಿಸೋಕೆ ಎಷ್ಟು ಬೆಂಕಿ ಬೇಕು?"

"ಏಳು..."

"ಏಳು ಕೂಡೋ ಹೊತ್ತಿಗೆ ನೀನು ಸತ್ತಿರ್ತೀಯ!"

"ಮದುವೆ ದಿನ ಬೊಗ್ನಾ ಕೊಟ್ಟಿದ್ದು ಅಕ್ಕಾ! ಹನ್ನೊಂದು ವರ್ಷದಿಂದ ಕಟ್ಟಲ್ಲೇ ಇದೆ."

"ಎಷ್ಟು ಆಟ ಗೆಲ್ಲಿಸಿದೆ?"

ಮುಷ್ಟಿ ಸಡಿಲವಾಯಿತು. "ಒಂದು."

"ಯಾರ ಮೇಲೆ?"

"ಬೊಗ್ನಾ ಮೇಲೆ..."

ಅಷ್ಟು ಸಾಕಿತ್ತು. ಪಟ್ಟಿ ಕಸಿದುಕೊಂಡೆ. ಅಜ್ಜಿಯ ಹೆಸರಿನ ಮೇಲೆ ಗೀಟು ಎಳೆದೆ. ಅಜ್ಜಿಯನ್ನು ಜೇಬಿಗಿಳಿಸಿದೆ.

ಓಡಿದೆ!

"ನಿಲ್ಲಿ ಅಕ್ಕಾ! ಸಾಯಿಸಿಬಿಡ್ತೀನಿ, ನಿಲ್ಲಿ!"

ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದೆ. ಐವತ್ತಾರು ವರ್ಷದ ಮಂಡಿಗಳು ನನಗೆ ಶಾಪ ಹಾಕಿದವು. ಹಿಂದೆ ಝೆನೋನ್‌ನ ಬೂಟಿನ ಸದ್ದು... ಮೇಲೆ ಬಾಗಿಲಿಗೆ ಅಡ್ಡವಾಗಿ ಬೊಗ್ನಾ! ಕೈಯಲ್ಲಿ ಗಂಡನ ಊಟದ ಡಬ್ಬಿ. ಉಪ್ಪು ಹಾಕಿದ ಸೌತೆಕಾಯಿಯ ವಾಸನೆ ಮೂಗಿಗೆ ಬಡಿಯಿತು.

"ಯಾವುದನ್ನ ತೆಗೆದ್ರಿ ವಾಂಡಕ್ಕಾ?"

"ಅಜ್ಜಿಯನ್ನ."

ಅವಳ ಮುಖ ಬಿಳಿಚಿಕೊಂಡಿತು. ನನ್ನ ತೋಳು ಹಿಡಿದು ಪಿಸುಗುಟ್ಟಿದಳು.

"ಮೊದಲು ವಾಪಸ್ ಹಾಕಿ! ಅದಿದ್ರೆ ಅವನು ಗೆಲ್ಲಲ್ಲ ಅಂತ ಗೊತ್ತಿದ್ದೇ ಕೊಟ್ಟಿದ್ದು ನಾನು. ಅವನು ಗೆದ್ರೆ ನನಗೆ ಭಾನುವಾರ ಅನ್ನೋದೇ ಇರಲ್ಲ!"

ಹನ್ನೊಂದು ವರ್ಷದ ಸಂಚು! ಆ ಹೆಂಗಸಿನ ಮೇಲೆ ನನಗೆ ನಿಜಕ್ಕೂ ಗೌರವ ಹುಟ್ಟಿತು. ಆದರೆ ಕಸುಬು ಕಸುಬೇ. ಅವಳ ತೋಳಿನಡಿ ನುಸುಳಿದೆ. ಪಟ್ಟಿ ಮೇಜಿಗೆ ಬಿದ್ದಾಗ ಹತ್ತು ಹೊಡೆಯಲು ಇಪ್ಪತ್ತು ಸೆಕೆಂಡ್ ಇತ್ತು.

ಝೆನೋನ್ ಏದುಸಿರು ಬಿಡುತ್ತ ಬಂದ.

"ನೋಡಿ ಅಕ್ಕಾ, ಪಾಪ, ಬೊಗ್ನಾ ಅಳ್ತಿದಾಳೆ... ಎಷ್ಟು ಪ್ರೀತಿ ಆ ಕಾರ್ಡ್ ಮೇಲೆ!"

"ಹೌದಪ್ಪ, ತುಂಬಾ."

ಸಂಜೆಯ ಹೊತ್ತಿಗೆ ಅವನು ಮೂರನೆಯ ಸ್ಥಾನಕ್ಕೆ ಬಂದಿದ್ದ. ಮುಂದಿನ ಭಾನುವಾರ ವಾರ್ಸಾದಲ್ಲಿ ಪಂದ್ಯ. ಅದರ ಮುಂದಿನ ಭಾನುವಾರ ಕ್ರಾಕೋವ್‌ನಲ್ಲಿ.

ಮರುದಿನ ಬೊಗ್ನಾಳ ಫೋನ್ ಬಂತು.

"ವಾಂಡಕ್ಕಾ, ಗುರುವಾರ ಅವನ ಹೆಸರಿನ ಸಂತನ ಹಬ್ಬ. ಏನಾದ್ರೂ ಉಡುಗೊರೆ ಕೊಡ್ಬೇಕಲ್ಲ... ಎಂಟು ಬೆಂಕಿ ಕೇಳೋ ಅಜ್ಜಿ ಯಾರಾದ್ರೂ ಇದಾಳಾ?"

ನನ್ನ ಬಳಿ ಒಂಬತ್ತು ಬೆಂಕಿ ಕೇಳುವವಳೇ ಇದ್ದಳು!