ಆಟ ಜಾಸ್ತಿಯಾಗಿದೆ

"ಯಜಮಾನ್ರು ಬರಲಿಲ್ವಾ ಮೇಡಂ?"

ಅವಳು ಗ್ಯಾರೇಜಿಗೆ ಕಾಲಿಟ್ಟಾಗ ಗೇರ್ ಮೆಕ್ಯಾನಿಕ್ ಬಾಯಿಂದ ಬಂದ ಮೊದಲ ಮಾತೇ ಅದು. ಅವಳಿಗೆ ಪಿತ್ತ ನೆತ್ತಿಗೇರಿತು.

"ಕಾರು ನಂದು. ಕೆಲಸ ಮಾಡೋಳೂ ನಾನೇ. ಯಜಮಾನ್ರು ಬೇಕಂದ್ರೆ ನನ್ನನ್ನೇ ಮಾತಾಡ್ಸಿ."

ಅವನು ತಬ್ಬಿಬ್ಬಾದ. ಆಮೇಲೆ ನಕ್ಕುಬಿಟ್ಟ. ಹಾಳಾದ್ದು, ಆ ನಗು ಚೆನ್ನಾಗಿತ್ತು!

ಅವಳ ಹಳೇ ಕಾರಿಗೆ ದೊಡ್ಡ ಎಂಜಿನ್ ಕೂತಾಗಿತ್ತು. ಅದರ ಜೋರನ್ನು ಹಿಂದಿನ ಚಕ್ರಗಳ ಆಕ್ಸಲ್ ತಡೆಯುವಂತಿರಲಿಲ್ಲ. ಅದರೊಳಗೆ ಒಂದಕ್ಕೊಂದು ಹಲ್ಲು ಕಚ್ಚಿ ತಿರುಗುವ ಕ್ರೌನ್, ಪಿನಿಯನ್ ಗೇರುಗಳ ಜಾಗಕ್ಕೆ ಗಟ್ಟಿಯವು ಬರಬೇಕು, ಬೇರಿಂಗ್ ಹೊಸದಾಗಬೇಕು, ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಕೂರಿಸಬೇಕು. ಅಣ್ಣನಿಗೆ ಇದೆಲ್ಲ ಬರೀ ಆಟ. ಕಾರು ನಿಂತಿದ್ದ ಶೆಡ್ಡು ಅವನದು. ಭಾನುವಾರದೊಳಗೆ ಕಾರು ಓಡದಿದ್ದರೆ ಗುಜರಿಯವನನ್ನು ಕರೆಸುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದ.

ಮೆಕ್ಯಾನಿಕ್ ದಿನಾ ಸಂಜೆ ಶೆಡ್ಡಿಗೆ ಬಂದು ಕೈಜೋಡಿಸಿದ. ಸ್ಪ್ಯಾನರ್ ಕಸಿದುಕೊಳ್ಳದೆ ಕಲಿಸುವ ಗಂಡಸನ್ನು ಅವಳು ನೋಡಿದ್ದೇ ಮೊದಲು. ಗ್ರೀಸ್ ಮೆತ್ತಿದ ಬೆರಳುಗಳು ತಾಗಿದರೆ ಸಾಕು, ಇಬ್ಬರೂ ಕಳೆದೇಹೋಗದ ನಟ್ಟನ್ನು ನೆಲದಲ್ಲಿ ಹುಡುಕತೊಡಗುತ್ತಿದ್ದರು...

ಶುಕ್ರವಾರ ಅವಳು ಆಯಿಲ್ ತಂದಾಗ ಒಳಗೆ ಅಣ್ಣನೊಂದಿಗೆ ಅವನು ಮಾತಾಡುತ್ತಿದ್ದ.

"ಆಟ ಜಾಸ್ತಿಯಾಗಿದೆ. ಹೀಗೇ ಬಿಡೋಕಾಗಲ್ಲ, ಬಿಚ್ಚಲೇಬೇಕು. ಅವ್ರಿಗೆ ನಾನೇ ಹೇಳ್ತೀನಿ."

ಅವಳು ಆಯಿಲ್ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. ಇವನೂ ಅಣ್ಣನ ಕಡೆಯವನೇ! ನನ್ನ ಕಾರು ಇವನಿಗೂ ಆಟವೇ!

ಹೇಳುವುದೇನೂ ಬೇಡ, ನಾಳೆಯಿಂದ ಬರುವುದೂ ಬೇಡ ಎಂದಳು. ಅವನು ಏನೋ ಹೇಳಲು ಹೋದ. ಇಬ್ಬರನ್ನೂ ಹೊರಗಟ್ಟಿ ಬಾಗಿಲು ಹಾಕಿಕೊಂಡಳು.

ಅಳು ಬಂತು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಆಕ್ಸಲ್ ಮುಂದೆ ಕುಕ್ಕರಗಾಲಲ್ಲಿ ಕೂತಳು. ಯಾರು ಬಿಚ್ಚಿಸುತ್ತಾರೋ ನೋಡೇಬಿಡೋಣ!

ಮುಚ್ಚಳ ಬಿಗಿಯುವ ಮೊದಲು ಕ್ರೌನ್ ಗೇರನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಳು. ಟಕ್... ಟಕ್... ಹಲ್ಲು ಹಲ್ಲಿನ ನಡುವೆ ಇರಬೇಕಾದ್ದಕ್ಕಿಂತ ಹೆಚ್ಚು ಸಡಿಲ. ಅಳತೆಯ ಡಯಲಿನ ಮುಳ್ಳೂ ಅದನ್ನೇ ಹೇಳಿತು. ಆ ಸಡಿಲಕ್ಕೆ ಮೆಕ್ಯಾನಿಕ್‌ಗಳ ಬಾಯಲ್ಲಿ ಇರುವ ಹೆಸರು... ಆಟ.

'ಅಯ್ಯೋ, ಅವನು ಹೇಳಿದ್ದು ಗೇರಿನ ಆಟ! ನನ್ನ ಬುದ್ಧಿಗೇನು ಮಂಕು ಕವಿದಿತ್ತು?'

ಹಾಗಂತ ಓಡಿಹೋಗಿ ಕಾಲಿಗೆ ಬೀಳುವ ಜಾಯಮಾನ ಅವಳದಲ್ಲ. ಶನಿವಾರ ಇಡೀ ದಿನ ಒಬ್ಬಳೇ ಎಲ್ಲ ಬಿಚ್ಚಿದಳು. ಕಾಗದದಷ್ಟು ತೆಳ್ಳಗಿನ ಶಿಮ್ ಬಿಲ್ಲೆಗಳನ್ನು ಆ ಕಡೆಯಿಂದ ಈ ಕಡೆಗೆ ಹಾಕಿ, ಅಳೆದು, ಮತ್ತೆ ತೆಗೆದು, ಮತ್ತೆ ಅಳೆದು, ಆಟ ಹದಕ್ಕೆ ಬರುವಂತೆ ಕೂರಿಸಿದಳು.

ಭಾನುವಾರ ಬೆಳಿಗ್ಗೆ ಅಣ್ಣನ ಕಣ್ಣೆದುರೇ ಕಾರು ದಿಬ್ಬ ಹತ್ತಿತು. ಅಣ್ಣ ಪೆಚ್ಚಾಗಿ ಗುಜರಿಯವನಿಗೆ ಬರಬೇಡ ಎಂದು ಫೋನ್ ಮಾಡಿದ. ಅವಳು ಕಾರನ್ನು ನೇರ ಮೆಕ್ಯಾನಿಕ್‌ನ ಗ್ಯಾರೇಜಿನ ಮುಂದೆ ನಿಲ್ಲಿಸಿದಳು.

ಅವನು ಮುಖ ಊದಿಸಿಕೊಂಡೇ ಹೊರಗೆ ಬಂದ.

"ನಿಮ್ಮ ಮಾತು ತಪ್ಪು ತಿಳ್ಕೊಂಡೆ. ತಪ್ಪಾಯ್ತು. ಒಂದೇ ಸಲ ಹೇಳೋದು, ಮತ್ತೆ ಕೇಳ್ಬೇಡಿ."

"ಇಷ್ಟು ಹೇಳೋಕೆ ಬಂದ್ರಾ?"

ಅವಳು ಕಣ್ಣು ತಗ್ಗಿಸಲಿಲ್ಲ.

"ಅಲ್ಲ. ನೀವಂದ್ರೆ ನಂಗಿಷ್ಟ. ಅಣ್ಣ ಒಪ್ಪಿದ್ರೆ ಸರಿ, ಇಲ್ಲಾಂದ್ರೆ ಬಿಡ್ಲಿ. ನಿಮ್ಮ ಉತ್ತರ ಈಗ್ಲೇ ಹೇಳಿ, ಎಂಜಿನ್ ಆಫ್ ಮಾಡಿಲ್ಲ ನಾನು."

ಅವನು ಕೈ ಒರೆಸಿಕೊಂಡು ಹತ್ತಿರ ಬಂದ. ಕಿಟಕಿಯೊಳಗೆ ಕೈ ಚಾಚಿ ಕೀಲಿ ತಿರುಗಿಸಿದ. ಎಂಜಿನ್ ನಿಂತಿತು.

"ಇಳಿ. ನಾನು ಹೇಳೋದು ತುಂಬಾ ಇದೆ."

ಇಷ್ಟು ದಿನದ 'ನೀವು' ಎಲ್ಲಿ ಹೋಯಿತೋ! ಅವಳ ಕಣ್ಣು ತುಂಬಿ ಬಂತು. ಬಾಗಿಲು ತೆಗೆದು ಇಳಿದಳು.

"ಹೇಳು," ಎಂದಳು.